ಕೇಳಿಸಿಕೊಂಡವಳು

“ಏನೇ ಲಂಗದ ಫಾದರ್, ಆ ಕಾವಲಿನ ಮುದುಕ ಸಾಯೋವಾಗ ನಿನ್ನ ಕಿವೀಲಿ ಏನೇ ಊದಿದ?”

ಮೇಸ್ತ್ರಿ ಕೇಳಿದ್ದು ತೊಗಲು ಹದ ಮಾಡುವ ಕಾರ್ಖಾನೆಯ ಇಡೀ ಶೆಡ್ಡಿಗೆ ಕೇಳಿಸುವ ಹಾಗೆ. ಹದಿನಾಲ್ಕು ಹೆಂಗಸರು ಹದಿನಾಲ್ಕು ದಿಮ್ಮಿಗಳ ಮೇಲೆ ಬಾಗಿ, ಸುಣ್ಣದ ತೊಟ್ಟಿಯಿಂದ ಎತ್ತಿದ ತೊಗಲನ್ನು ಎರಡು ಹಿಡಿಯ ಕತ್ತಿಯಿಂದ ಕೆರೆಯುತ್ತಿದ್ದರು. ಕೆರೆದ ಕೂದಲು ಹಸಿಹಸಿಯಾಗಿ ಪಾದದ ಮೇಲೆ ಬೀಳುತ್ತಿತ್ತು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೆಂಗಸು ತಲೆ ಎತ್ತಲಿಲ್ಲ.

“ಕಿವುಡೀನಾ? ನಿನ್ನನ್ನೇ ಕೇಳ್ತಿರೋದು ಬೋಸುಡಿ.”

“ಪ್ರಾರ್ಥನೆ ಹೇಳಿದೆ ಮೇಸ್ತ್ರಿ. ನೀರು ಕೇಳಿದ, ಕೊಟ್ಟೆ. ಹೋದ.”

“ನೀರು ಕೊಡೋಕೆ ಎರಡು ಗಂಟೆ ಬಾಗಿಲು ಹಾಕ್ಕೊಂಡಿದ್ಯಾ? ಇನ್ನೇನಾದ್ರೂ ಕೊಟ್ಯಾ ಅನ್ನೋಕೆ ಅವನಲ್ಲೂ ಶಕ್ತಿ ಇರಲಿಲ್ಲ, ನಿನ್ನಲ್ಲೂ ರುಚಿ ಇಲ್ಲ.”

ತನ್ನ ಮಾತಿಗೆ ತಾನೇ ನಕ್ಕ. ಪಕ್ಕದ ದಿಮ್ಮಿಯವಳ ಕತ್ತಿ ನಿಂತಿತು. ಅದು ಮೇಸ್ತ್ರಿಗೆ ತಿಳಿಯದಿರಲಿ ಎಂದು ದೊಡ್ಡಕ್ಕ ತನ್ನ ಕತ್ತಿಯನ್ನು ಇನ್ನಷ್ಟು ಜೋರಾಗಿ ಎಳೆದಳು.

ತಿಂಗಳ ಹಿಂದೆ, ಓಣಿಯಲ್ಲೂ ಗೋಡೆಯಾಚೆಯೇ ಇರುವ ಆ ಪಕ್ಕದವಳ ಮಗಳು ಸುಣ್ಣದ ತೊಟ್ಟಿಗೆ ಜಾರಿ ಬಿದ್ದಿದ್ದಳು. ತೊಟ್ಟಿಯ ಸುತ್ತ ಕಟಕಟೆ ಹಾಕಿಸಿ ಎಂದು ಹೆಂಗಸರು ವರ್ಷದಿಂದ ಬಾಯಿ ಬಡಿದುಕೊಂಡದ್ದೇ ಬಂತು. ಹುಡುಗಿಯ ಎರಡೂ ಕಾಲು ಮಂಡಿಯವರೆಗೆ ಬೆಂದುಹೋದವು. ಕಣ್ಣನ್ನು ಎಲ್ಲಿಟ್ಟುಕೊಂಡಿದ್ದಳಂತೆ ಎಂದು ಕೇಳಿ ಮಾಲೀಕರು ಹುಡುಗಿಯನ್ನೇ ಕೆಲಸದಿಂದ ತೆಗೆಸಿದರು. ಅದಾಗಿ ವಾರಕ್ಕೆ, ಕಾರ್ಖಾನೆ ಎರಡು ದಿನ ಮುಚ್ಚಿದ್ದಾಗ, ಯಾರೋ ಎಂಟು ತೊಟ್ಟಿಗಳ ಅಡಿಯ ಬಿರಡೆ ಕಿತ್ತಿದ್ದರು. ಸುಣ್ಣದ ನೀರೆಲ್ಲ ಹರಿದುಹೋಗಿ ಸಾವಿರ ತೊಗಲು ಒಣಗಿ ಹಲಗೆಯಾಗಿದ್ದವು. ಹೆಸರು ಸಿಕ್ಕರೆ ಜೈಲು ಎಂದು ಮಾಲೀಕರು ಸಾರಿಸಿದ್ದರು. ಗೇಟಿನ ಬೀಗ ತೆಗೆದುಕೊಟ್ಟವನು ತಾನು, ಬಿರಡೆ ಕಿತ್ತವಳು ಆ ಹುಡುಗಿಯ ತಾಯಿ ಎಂದು ಕಾವಲಿನ ಮುದುಕ ದೊಡ್ಡಕ್ಕನ ಮುಂದೆ ಹೇಳಿಕೊಂಡು ಅತ್ತು, ಅವಳ ಕಣ್ಮುಂದೆಯೇ ಸತ್ತಿದ್ದ. ತನ್ನ ಗುಟ್ಟು ದೊಡ್ಡಕ್ಕನ ಹೊಟ್ಟೆ ಸೇರಿದೆ ಎಂದು ಪಕ್ಕದವಳಿಗೆ ಗೊತ್ತಿರಲಿಲ್ಲ.

ಸಾಯುವವರ ಮಾತು ಕೇಳಿಸಿಕೊಳ್ಳುವ ಈ ಕೆಲಸ ದೊಡ್ಡಕ್ಕನಿಗೆ ಯಾರೂ ಕೊಟ್ಟದ್ದಲ್ಲ. ಚರ್ಚಿನ ಫಾದರ್ ತೊಗಲಿನವರ ಓಣಿಗೆ ಬರುವ ವಾಡಿಕೆಯೇ ಇಲ್ಲ. ಹಿಂದಿನವರಿಗೆ ಮಂಡಿನೋವಿತ್ತು, ಅವರಿಗೂ ಹಿಂದಿನವರಿಗೆ ಉಬ್ಬಸ, ಈಗಿನವರಿಗೆ ಪುರುಸೊತ್ತಿಲ್ಲ. ಎಲ್ಲ ಮೂಗಿನ ಕಾಯಿಲೆ ಎಂದು ಬಾಯಿ ಬಿಟ್ಟು ಹೇಳುವವರಿಲ್ಲ ಅಷ್ಟೆ. ಹತ್ತು ವರ್ಷದ ಕೆಳಗೆ ಒಬ್ಬ ಬಾಣಂತಿ ಫಾದರ್, ಫಾದರ್ ಎಂದು ಕನವರಿಸಿ ಕನವರಿಸಿ, ಕಡೆಗೆ ಕೈಗೆ ಸಿಕ್ಕ ದೊಡ್ಡಕ್ಕನನ್ನೇ ಹಿಡಿದುಕೊಂಡು ಎದೆಯಲ್ಲಿದ್ದದ್ದನ್ನೆಲ್ಲ ಸುರಿದುಬಿಟ್ಟಳು. ಏನು ಹೇಳಬೇಕೆಂದು ತೋಚದೆ ದೊಡ್ಡಕ್ಕ, “ಕೇಳಿಸ್ತು ಕಣೇ. ನನಗೇ ಕೇಳಿಸಿದ ಮೇಲೆ ದೇವರಿಗೆ ಕೇಳಿಸದೆ ಇರುತ್ತಾ?” ಎಂದಳು. ಅವಳ ಮುಖ ಹಗುರಾಯಿತು. ಅವತ್ತಿನಿಂದ ಓಣಿಯಲ್ಲಿ ಯಾರು ಹಾಸಿಗೆ ಹಿಡಿದರೂ ದೊಡ್ಡಕ್ಕನಿಗೇ ಕರೆ. ಮೈ ಒರೆಸುತ್ತಾಳೆ, ಹೇಲುಬಟ್ಟೆ ಬದಲಿಸುತ್ತಾಳೆ, ಬಾಯಿಗೆ ಬರುವ ನಾಲ್ಕು ಪ್ರಾರ್ಥನೆ ಹೇಳುತ್ತಾಳೆ, ಆಮೇಲೆ ಬಾಗಿಲು ಹಾಕಿ ಕೇಳಿಸಿಕೊಳ್ಳುತ್ತಾಳೆ. ಕೇಳಿದ್ದನ್ನು ಇವತ್ತಿನವರೆಗೂ ಯಾರ ಮುಂದೆಯೂ ಆಡಿದವಳಲ್ಲ.

ಈಗ ಹಾಸಿಗೆ ಹಿಡಿದಿದ್ದವಳು ಅವಳ ಸ್ವಂತ ಅಮ್ಮ. ಆ ಅಮ್ಮನಿಗೆ ಮಗಳು ಬೇಡ, ಫಾದರೇ ಬೇಕು.

ಕೆಲಸ ಮುಗಿಸಿ ದೊಡ್ಡಕ್ಕ ಚರ್ಚಿನ ಹಿಂದಿರುವ ಫಾದರ್ ಮನೆಗೆ ಹೋದಳು. ಗಂಟೆ ಹೊಡೆಯುವವನು ಅವಳನ್ನು ನೋಡಿ ಒಳಗೋಡಿ, ಹಳೆಯ ಪೇಪರು ತಂದು ಹೊಸಿಲಿನ ಹೊರಗೆ ಹಾಸಿದ.

“ಇದರ ಮೇಲೆ ನಿಂತ್ಕೋ. ಈಗಷ್ಟೇ ನೆಲ ಒರೆಸಿದೆ.”

ಆ ನೆಲವನ್ನೂ ಚರ್ಚಿನ ನೆಲವನ್ನೂ ನಲವತ್ತು ವರ್ಷ ಮಂಡಿಯೂರಿ ಒರೆಸಿದವಳು ಅಮ್ಮ. ಅದನ್ನು ಹೇಳಿ ಪ್ರಯೋಜನವಿರಲಿಲ್ಲ. ದೊಡ್ಡಕ್ಕ ಪೇಪರಿನ ಮೇಲೆ ನಿಂತಳು.

“ಬಾ ಮಗಳೇ,” ಎಂದು ಫಾದರ್ ಕುರ್ಚಿಯಿಂದಲೇ ಕರೆದರು. ಬಾ ಎಂದರೂ ಎಲ್ಲಿಗೆ ಬರಬೇಕು ಎಂದು ಅವರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಗಳೇ ಎಂದವರಿಗೆ ಅವಳ ಕೊನೆಯ ತಮ್ಮನ ವಯಸ್ಸು.

“ಅಮ್ಮ ಇನ್ನು ಎರಡು ದಿನ ತಳ್ಳಿದ್ರೆ ಹೆಚ್ಚು ಫಾದರ್. ಕಡೆಗಾಲದ ಎಣ್ಣೆ, ಪರಮಪ್ರಸಾದ, ಅದೇ ಅವಳ ಜಪ. ಒಂದ್ಸಲ ಬಂದು ಹೋಗಿ.”

“ಬರ್ತೀನಿ. ಬರದೆ ಏನು. ಅದಕ್ಕೆ ಮೊದಲು ಒಂದು ಮಾತು. ಪಾಪನಿವೇದನೆ ಕೇಳೋ ಅಧಿಕಾರ ನಿನಗೆ ಯಾರು ಕೊಟ್ರು?”

“ಯಾರೂ ಕೊಡ್ಲಿಲ್ಲ ಫಾದರ್. ನೀವು ಬರ್ಲಿಲ್ಲ.”

ಫಾದರ್ ಕನ್ನಡಕ ತೆಗೆದು ಒರೆಸಿಕೊಂಡರು. ಚರ್ಚಿನ ಹೊಸ ಛಾವಣಿ ಮಾಲೀಕರ ಪುಣ್ಯದಿಂದ ಏಳುತ್ತಿತ್ತು. ಬಡಗಿಗಳು ಮೇಲೆ ಮೊಳೆ ಹೊಡೆಯುವ ಸದ್ದಿಗೆ ಅವರು ದನಿ ಏರಿಸಬೇಕಾಯಿತು.

“ನೋಡು, ಅಧಿಕಾರ ಇಲ್ಲದವಳ ಮುಂದೆ ಹೇಳ್ಕೊಂಡಿದ್ದು ಪಾಪನಿವೇದನೆ ಆಗೋದೇ ಇಲ್ಲ. ಅದು ಹರಟೆ. ನಾವು ಕೇಳಿದ್ದನ್ನ ಕುತ್ತಿಗೆ ಕುಯ್ದರೂ ಹೊರಗೆ ಹೇಳೋ ಹಾಗಿಲ್ಲ. ನಿನಗೆ ಆ ಕಟ್ಟು ಇಲ್ಲ. ಆ ಮುದುಕ ಹೇಳಿದ ಹೆಸರನ್ನ ನೀನು ಧಾರಾಳವಾಗಿ ಹೇಳಬಹುದು. ಪಾಪ ಬರಲ್ಲ.”

“ಹರಟೆ ಆದ್ರೆ ನಿಮಗ್ಯಾಕೆ ಬೇಕು ಫಾದರ್?”

ಗಂಟೆ ಹೊಡೆಯುವವನು ಕೆಮ್ಮಿದ. ಫಾದರ್ ಕನ್ನಡಕ ಹಾಕಿಕೊಂಡು ಎದ್ದರು.

“ಸಂಸ್ಕಾರದ ಜೊತೆ ಆಟ ಆಡಿದವಳ ಮನೆಗೆ ನಾನು ಯಾವ ಮುಖ ಇಟ್ಕೊಂಡು ಬರಲಿ? ಹೆಸರು ಹೇಳು, ಈಗಲೇ ಚಪ್ಪಲಿ ಮೆಟ್ಟಿ ಹೊರಡ್ತೀನಿ. ಯೋಚನೆ ಮಾಡು. ನಿನ್ನ ತಾಯಿ ಆತ್ಮ ನಿನ್ನ ನಾಲಿಗೆ ಮೇಲಿದೆ.”

ಅವಳು ತಿರುಗುವುದಕ್ಕೂ ಪುರುಸೊತ್ತು ಕೊಡದೆ ಗಂಟೆಯವನು ಪೇಪರನ್ನು ತುದಿಬೆರಳಲ್ಲಿ ಎತ್ತಿಕೊಂಡು ಹೋದ.

ಮನೆಯಲ್ಲಿ ಅಮ್ಮ ಪ್ರತಿ ಹೆಜ್ಜೆ ಸದ್ದಿಗೂ ಕುತ್ತಿಗೆ ಎತ್ತುತ್ತಿದ್ದಳು. ಕಣ್ಣು ಹೋಗಿ ಐದು ವರ್ಷವಾಗಿತ್ತು.

“ಫಾದರ್ ಬಂದ್ರಾ?”

“ನಾನಮ್ಮ.”

“ನೀನು ಮುಟ್ಟಬಾರದ್ದನ್ನ ಮುಟ್ತೀಯ, ಅದಕ್ಕೇ ಅವರಿಗೆ ಬೇಜಾರು. ಬಡ್ಕೊಂಡೆ. ಹೆಣದ ಮುಂದೆ ಕೂತು ಫಾದರ್ ಆಟ ಆಡಬೇಡ ಅಂತ.” ಉಸಿರು ಸಾಲದೆ ನಿಲ್ಲಿಸಿದಳು. “ಕಾಲು ಹಿಡ್ಕೊಂಡಾದ್ರೂ ಕರ್ಕೊಂಡು ಬಾರೇ ಮಗಾ. ನಾನು ಹಂಗೇ ಹೋಗಲಾರೆ. ಹೆದರಿಕೆ ಆಗುತ್ತೆ.”

ಬಾಯಲ್ಲಿ ಬಿಸಿತುಪ್ಪ ಹಾಕಿಕೊಂಡವಳ ಪಾಡಾಯಿತು ದೊಡ್ಡಕ್ಕನದು. ಎಷ್ಟೋ ಜನರ ಹೆದರಿಕೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಮಾಧಾನ ಮಾಡಿದ್ದಳು. ಹೆತ್ತವಳ ಹೆದರಿಕೆಗೆ ಅವಳ ತೊಡೆ ಸಾಲದು. ಹೇಳಿಬಿಡಲೇ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಮುದುಕ ಸತ್ತಾಗಿದೆ, ಅವನಿಗೇನು ಕೇಳಿಸುತ್ತದೆ? ಒಂದು ಹೆಸರು, ಮೂರು ಅಕ್ಷರ. ಗೋಡೆಯ ಆಚೆ ಪಕ್ಕದವಳು ಮಗಳ ಕಾಲಿನ ಪಟ್ಟಿ ಬಿಚ್ಚುತ್ತಿದ್ದಳು. ಹುಡುಗಿ ಹಲ್ಲು ಕಚ್ಚಿ ನರಳುವುದು ಈಚೆಗೆ ಕೇಳಿಸುತ್ತಿತ್ತು. ದೊಡ್ಡಕ್ಕ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಮಾರನೇ ದಿನ ನಡುಹಗಲಿಗೆ ಮೇಸ್ತ್ರಿ ಬಂದು ಬಾಗಿಲಿಗೆ ಒದ್ದ.

“ಫಾದರ್ ಓಣಿ ತುದೀಲಿ ಮಾಲೀಕರ ಕಾರಲ್ಲಿ ಕೂತಿದ್ದಾರೆ. ಎಣ್ಣೆ, ಪ್ರಸಾದ ಎಲ್ಲ ತಂದಿದ್ದಾರೆ. ಹೆಸರು ಹೇಳು, ಒಳಗೆ ಬರ್ತಾರೆ. ಇಲ್ಲ ಅಂದ್ರೆ ನಿಮ್ಮಮ್ಮ ನಾಯಿ ಹಂಗೆ ಸಾಯ್ತಾಳೆ, ಅಷ್ಟೇ.”

ಒಳಗಿಂದ ಅಮ್ಮ, “ಬಂದ್ರಾ? ಬಂದ್ರಾ?” ಎಂದಳು.

ದೊಡ್ಡಕ್ಕ ಹೊರಬಿದ್ದಳು. ಪಕ್ಕದವಳು ತನ್ನ ಬಾಗಿಲಲ್ಲೇ ನಿಂತಿದ್ದಳು. ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ಮೇಸ್ತ್ರಿ ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಕಾದು, ದೊಡ್ಡಕ್ಕನ ತೋಳು ಹಿಡಿದಳು.

“ಮುದುಕ ನಿನಗೆ ಹೇಳಿರ್ತಾನೆ ಅಂತ ನಿನ್ನೆ ಹೊಳೀತು. ಹೇಳಿಬಿಡು ದೊಡ್ಡಕ್ಕ. ನಿಮ್ಮಮ್ಮ ನೆಮ್ಮದಿಯಾಗಿ ಹೋಗಲಿ. ನನ್ನ ಮಗಳನ್ನ ನೀನು ನೋಡ್ಕೋ, ಸಾಕು.”

“ಏನೇ ಹೇಳೋದು?” ಎಂದು ದೊಡ್ಡಕ್ಕ ಕೈ ಬಿಡಿಸಿಕೊಂಡಳು. “ನನಗ್ಯಾರೂ ಏನೂ ಹೇಳಿಲ್ಲ. ಹೋಗು, ಒಲೆ ಮೇಲೆ ಏನೋ ಸೀದುಹೋಗ್ತಿದೆ.”

ಕಾರಿನ ಗಾಜು ಎರಡು ಬೆರಳಿನಷ್ಟು ಇಳಿಯಿತು. ಫಾದರ್ ಕರವಸ್ತ್ರ ಮೂಗಿಗೆ ಹಿಡಿದಿದ್ದರು. ತೊಡೆಯ ಮೇಲೆ ಎಣ್ಣೆಯ ಪುಟ್ಟ ಶೀಶೆ, ನಾಲಿಗೆಯ ಮೇಲಿಡುವ ಪರಮಪ್ರಸಾದದ ದುಂಡನೆಯ ಡಬ್ಬಿ. ಮೇಸ್ತ್ರಿ ಆ ಕಡೆಯಿಂದ ಹತ್ತಿ ಅವರ ಪಕ್ಕದಲ್ಲಿ ಕೂತ.

“ಹೇಳು ಮಗಳೇ.”

“ಫಾದರ್, ನಾನೀಗ ಮಂಡಿಯೂರಿ, ಪಾಪನಿವೇದನೆ ಅಂತ ಹೇಳಿದ್ರೆ ನೀವು ಮಾಲೀಕರಿಗೆ ಹೇಳ್ತೀರಾ?”

“ಹಾಗೆ ಹೇಳೋ ಹಾಗಿಲ್ಲ.”

“ಹಂಗಾದ್ರೆ ಈ ಮೇಸ್ತ್ರಿನ ಇಳಿಸಿ. ಮಂಡಿ ಊರ್ತೀನಿ.”

ಫಾದರ್ ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಇಳಿಯಲಿಲ್ಲ.

“ಅದು ಬೇರೆ, ಇದು ಬೇರೆ,” ಎಂದರು ಫಾದರ್.

“ಏನು ಬೇರೆ? ನಿಮ್ಮ ಬಾಯಿಗೆ ದೇವರ ಬೀಗ, ನಮ್ಮ ಬಾಯಿ ಮಾತ್ರ ಬಚ್ಚಲಾ?”

“ನಾಲಿಗೆ ಸೀಳಿಬಿಡ್ತೀನಿ ಮುಂಡೆ!” ಎಂದು ಮೇಸ್ತ್ರಿ ಬಗ್ಗಿದ. ಗಾಜು ಮೇಲೆ ಹೋಯಿತು. ಆದರೆ ಕಾರು ಹೊರಡಲಿಲ್ಲ. ಹೆತ್ತವಳ ಗೊರಗೊರ ಕೇಳಿದ ಮೇಲೆ ಅವಳೇ ಓಡಿ ಬರುತ್ತಾಳೆ ಎಂದು ಕಾದರು.

ದೊಡ್ಡಕ್ಕ ಒಳಗೆ ಬಂದಾಗ ಪಕ್ಕದವಳು ಅಮ್ಮನ ತಲೆ ಹಿಡಿದು ಕೂತಿದ್ದಳು. ಸೊಂಟದಿಂದ ಒಂದು ಡಬ್ಬಿ ತೆಗೆದು ಕೊಟ್ಟಳು. ತೊಗಲು ಮೆತ್ತಗಾಗಲು ತಿಕ್ಕುವ ಎಣ್ಣೆ. ಸುಣ್ಣಕ್ಕೆ ಒಡೆದ ಕೈಗೆ ಹಚ್ಚಿಕೊಳ್ಳಲು ಹೆಂಗಸರು ಕದ್ದು ತರುತ್ತಿದ್ದರು. ದೊಡ್ಡಕ್ಕ ಬೆರಳದ್ದಿ ಅಮ್ಮನ ಹಣೆಗೆ ಹಚ್ಚಿದಳು. ಅಂಗೈಗೆ ಹಚ್ಚಿದಳು.

ಅಮ್ಮನ ಮೂಗಿಗೆ ತೊಗಲಿನ ವಾಸನೆ ಬಡಿಯಿತು. “ಯಾರ ಕೈ ಇದು?”

ಫಾದರದ್ದು ಎಂದುಬಿಟ್ಟರೆ ಮುಗಿದಿತ್ತು. ಅಷ್ಟು ಮೋಸ ದೊಡ್ಡಕ್ಕನಿಂದ ಆಗಲಿಲ್ಲ. “ನನ್ನದೇ ಅಮ್ಮ. ಅವರು ಓಣಿ ತುದೀಲಿ ಕೂತಿದ್ದಾರೆ. ಸತ್ತವನೊಬ್ಬ ನನ್ನ ನಂಬಿ ಹೇಳಿದ್ದನ್ನ ಕೊಟ್ರೆ ಬರ್ತಾರಂತೆ.”

“ಕೊಟ್ಯಾ?”

“ಇಲ್ಲ.”

ಅಮ್ಮ ಮೆಚ್ಚಿದಳೋ ಶಪಿಸಿದಳೋ ಆ ಕಣ್ಣುಗಳಲ್ಲಿ ನೋಡಿ ತಿಳಿಯುವಂತಿರಲಿಲ್ಲ. ಆಮೇಲೆ ಗದ್ದ ಎತ್ತಿ, ಪೀಠದ ಮುಂದೆ ಮಾಡುವ ಹಾಗೆ ಬಾಯಿ ತೆರೆದು ನಾಲಿಗೆ ಚಾಚಿದಳು. ಪ್ರಸಾದ ಬೇಕಿತ್ತು. ಪಕ್ಕದವಳು ರೊಟ್ಟಿಯ ಚೂರು ಮುರಿದು ತಂದಳು. ದೊಡ್ಡಕ್ಕ ಬೇಡವೆಂದು ತಲೆಯಾಡಿಸಿದಳು. ಅಮ್ಮ ಹಾಗೇ ಕಾದಳು. ಕಾಯುತ್ತಲೇ ಉಸಿರು ನಿಂತಿತು.

ದೊಡ್ಡಕ್ಕ ಅಳಲಿಲ್ಲ ಎಂದರೆ ಸುಳ್ಳು. ಗೋಡೆಗೆ ಹಣೆ ಚಚ್ಚಿಕೊಂಡು ಅತ್ತಳು. ಅಷ್ಟರಲ್ಲಿ ಓಣಿಯವರು ತುಂಬಿದ್ದರು. ಹಿರಿಯಳೊಬ್ಬಳು ಬಟ್ಟೆಯ ಪಟ್ಟಿ ಹರಿದು, ತೆರೆದ ಬಾಯಿ ಮುಚ್ಚಿ ಗದ್ದ ಕಟ್ಟಲು ಬಂದಳು.

“ಕಟ್ಟಬೇಡ ಅತ್ತೆ.”

“ಅಯ್ಯೋ, ಸೆಟೆದುಕೊಂಡ್ರೆ ಆಮೇಲೆ ಮುಚ್ಚಲ್ಲ ಕಣೇ.”

“ಮುಚ್ಚೋದು ಬೇಡ.”

ತೊಗಲು ಹರವುವ ಹಲಗೆ ತಂದು ಅಮ್ಮನನ್ನು ಮಲಗಿಸಿದರು. ನಾಲ್ವರು ಹೆಂಗಸರು ಹೆಗಲು ಕೊಟ್ಟರು. ಮುಂದಿನ ಬಲಗಡೆ ಪಕ್ಕದವಳು. ಕೆಲಸ ಬಿಟ್ಟು ಬಂದವರು ಹಿಂದೆ ನಡೆದರು, ಎಷ್ಟೋ ಜನರ ಕೈಯಲ್ಲಿ ಕತ್ತಿ ಇನ್ನೂ ಹಾಗೇ ಇತ್ತು. ಓಣಿ ತುದಿಯಲ್ಲಿ ಇವರನ್ನು ಕಂಡು ಡ್ರೈವರ್ ಕಾರನ್ನು ಹಿಂದಕ್ಕೆ ತೆಗೆಯಲು ನೋಡಿದ. ಹಿಂದೆಯೂ ಜನ.

“ಇಳಿಸ್ರೇ. ಇನ್ನೊಂಚೂರು ಇಳಿಸಿ,” ಎಂದಳು ದೊಡ್ಡಕ್ಕ ಹೆಗಲು ಕೊಟ್ಟವರಿಗೆ.

ಹಲಗೆ ಗಾಜಿನ ಮಟ್ಟಕ್ಕೆ ಬಂತು. ಅಮ್ಮನ ಮುಖ ಕಾರಿನ ಕಡೆಗಿತ್ತು. ಒಳಗೆ ಫಾದರ್ ತೊಡೆಯ ಮೇಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದರು. ಮೇಸ್ತ್ರಿ ಹಾರನ್ ಹೊಡಿ, ಹೊಡಿ ಎಂದು ಕಿರುಚಿದ. ಹಾರನ್ ಕೂಗಿತು. ಯಾರೂ ಸರಿಯಲಿಲ್ಲ.

ದೊಡ್ಡಕ್ಕ ಗಾಜು ತಟ್ಟಿದಳು.

“ಕೊಡಿ ಫಾದರ್. ಬಾಯಿ ತೆಗೆದಿದ್ದಾಳೆ.”