ಎಡಕ್ಕೆ ವಾಲಿದ ಗಂಟು

ಯುದ್ಧ ಮುಗಿಸಿ ಮನೆ ಸೇರಿ ಹನ್ನೊಂದು ದಿನಗಳಾದರೂ ಆ ತರುಣ ಸೈನಿಕನಿಗೆ ಮನೆಯವರ ಮೇಲಿನ ಅನುಮಾನ ಇಳಿಯುವ ಬದಲು ಬಲಿಯುತ್ತಲೇ ಇತ್ತು. ಮುಂದಿನ ಕೋಣೆಯಲ್ಲಿ ಅಪ್ಪನ ಪುಸ್ತಕ ಕಟ್ಟುವ ಕೆಲಸ. ತಂಗಿ ಹಾಳೆ ಹೊಲಿದರೆ ಅಪ್ಪ ಅಂಟು ಹಚ್ಚುವರು, ಅಂಚು ಕತ್ತರಿಸುವವನು ಅವನು. ಅವನು ಸೈನ್ಯಕ್ಕೆ ಸೇರುವ ಮುನ್ನ ನಡೆದುಬಂದ ಕ್ರಮವಿದು. ಈಗ ಕತ್ತರಿಸುವ ಕತ್ತಿ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿತ್ತು. ಕೇಳಿದರೆ, “ಸಾಣೆ ಹಿಡಿಸ್ಬೇಕು, ನೋಡೋಣ” ಎಂದು ಅಪ್ಪ ಮಾತು ತೇಲಿಸುತ್ತಿದ್ದರು. ತಂಗಿಯೋ, ಅವನು ಬಂದ ಮರುದಿನವೇ ಎದುರುಮನೆಯ ದೊಡ್ಡಮ್ಮನಲ್ಲಿಗೆ ಹೋಗಿ ನಿಂತಿದ್ದಳು. ಹೊಲಿದ ಕಟ್ಟುಗಳನ್ನು ದೊಡ್ಡಮ್ಮನೇ ತಂದಿಟ್ಟು, ಅವನ ಮುಖ ನೋಡದೆ ಮರಳುತ್ತಿದ್ದರು.

ಆ ಬೆಳಿಗ್ಗೆ ಅವನು ಒಂದು ಕಟ್ಟನ್ನು ಬಿಡಿಸಿ ನೋಡಿದ. ಗಂಟುಗಳೆಲ್ಲ ಎಡಕ್ಕೆ ವಾಲಿದ್ದವು. ತಂಗಿಯ ಗಂಟು ಎಂದೂ ಬಲಕ್ಕೇ ಬೀಳುವುದೆಂದು ಅವನು ಕಣ್ಣು ಮುಚ್ಚಿ ಹೇಳಬಲ್ಲ. ಹಾಗಾದರೆ ಇದು ಹೊರಗಿನವರ ಕೈ! ಇಂದು ಅವಳ ಜಾಗ, ನಾಳೆ ತನ್ನದು.

“ಇದನ್ನ ಯಾರಪ್ಪಾ ಹೊಲಿದಿದ್ದು?”

“ನಿನ್ ತಂಗೀನೇ. ಇನ್ಯಾರು, ಇಲಿ ಬಂದು ಹೊಲಿಯುತ್ತಾ?”

“ನನ್ನ ಕಿವಿಗೆ ಹೂ ಇಡ್ಬೇಡಿ. ನಾನು ಬೇಡದವನಾಗಿದ್ರೆ ಬಾಯಿಬಿಟ್ಟು ಹೇಳಿ, ಇವತ್ತೇ ಪೆಟ್ಟಿಗೆ ಕಟ್ತೀನಿ.”

ದನಿ ಬೀದಿ ದಾಟಿರಬೇಕು. ತಂಗಿ ಓಡಿಬಂದು ಬಾಗಿಲಲ್ಲಿ ನಿಂತಳು.

“ಹೇಳ್ಬೇಡ ಕಣೇ” ಎಂದರು ಅಪ್ಪ.

“ಇನ್ನೆಷ್ಟು ದಿನ ಮುಚ್ಚಿಡೋದು? ಹೊಲಿಗೇನೇ ಚಾಡಿ ಹೇಳಿಬಿಡ್ತಲ್ಲ” ಎಂದು ಅವಳು ಶಾಲು ಸರಿಸಿದಳು. ಬಲಗೈಗೆ ಮೊಣಕೈವರೆಗೂ ಪಟ್ಟಿ ಬಿಗಿದಿತ್ತು.

“ನೀನು ಬಂದ ದಿನ ಮಧ್ಯಾಹ್ನ ಮಲಗಿದ್ದೆ. ಊಟಕ್ಕೆ ಏಳು ಅಂತ ನಾನು ನಿನ್ನ ಹೆಗಲು ಮುಟ್ಟಿದೆ. ನೀನು ಕಣ್ಣು ಬಿಡದೇನೇ ನನ್ನ ಕೈ ತಿರುಚಿ ನೆಲಕ್ಕೆ ಕೆಡವಿದೆ ಅಣ್ಣಾ. ಮತ್ತೆ ಹಾಗೇ ಮಲಗ್ಬಿಟ್ಟೆ. ಈಗ ಎಡಗೈಲಿ ಹೊಲಿಯೋದು ಕಲೀತಿದೀನಿ. ಸೊಟ್ಟಗಾಗುತ್ತೆ, ಬೈಬೇಡ.”

ಅವನಿಗೆ ಏನೊಂದೂ ನೆನಪಿರಲಿಲ್ಲ. ಹನ್ನೊಂದು ದಿನ ಮನೆಯೆಲ್ಲ ತಡಕಾಡಿದ ಅನುಮಾನ ಈಗ ಅವನ ಎರಡು ಅಂಗೈಗಳ ಮೇಲೆ ಬಂದು ಕುಳಿತಿತು.

“ಇಷ್ಟೇನಾ? ನಿಮಗೇನಾದ್ರೂ ಮಾಡಿದ್ದೀನಾ ಅಪ್ಪಾ?”

“ಇಲ್ಲ ಕಣೋ.”

ಅವನು ನಂಬಲಿಲ್ಲ. ಅಪ್ಪನ ಕತ್ತು, ತೋಳು, ಮುಖಗಳನ್ನು ಗುರುತಿಗಾಗಿ ಹುಡುಕಿದ. ಪೆಟ್ಟಿಗೆ ಕಟ್ಟಿ ಹೊರಟರೂ ಎಲ್ಲೋ ಒಂದು ಕಡೆ ಮಲಗಲೇಬೇಕು, ಅಲ್ಲೂ ಯಾರೋ ಎಬ್ಬಿಸಲೇಬೇಕು.

“ನಾಳೆ ನನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ನಡೆದಿದ್ದನ್ನ ನೀವಿಬ್ರೇ ಹೇಳಿ. ನಾನು ಏನಾದ್ರೂ ಹೇಳಿದ್ರೆ ನಂಬಬೇಡಿ.”

“ನಾಳೆ ಯಾಕೆ?” ಎನ್ನುತ್ತ ಅಪ್ಪ ಅಂಟಿನ ಕೈ ಒರೆಸಿಕೊಂಡು ಚಪ್ಪಲಿ ಹುಡುಕತೊಡಗಿದರು.