ಹದಿನಾಲ್ಕನೇ ನಂಬರಿನ ಚೀಟಿ

ಚಾಮರಾಜಪೇಟೆಯ ವಿದ್ಯಾರ್ಥಿನಿಲಯದ ಕಚೇರಿಯಲ್ಲಿ ಯಾರೋ ಕೆಲಸದ ವೇಳೆ ಆನ್‌ಲೈನ್ ರಮ್ಮಿ ಆಡುತ್ತಾರೆಂದು ಗುಸುಗುಸು ಹಬ್ಬಿತ್ತು. ಸಂಜೆಯ ಸಭೆಗೆ ಆ ಹೆಸರು ಬೇಕೆಂದು ಕಾರ್ಯದರ್ಶಿ ಶಂಭುಲಿಂಗಪ್ಪನವರು ಕಂಪ್ಯೂಟರ್ ನೋಡಿಕೊಳ್ಳುವ ಶಿವರಂಜಿನಿಗೆ ಹೇಳಿದ್ದರು.

ಅವಳಿಗೆ ದಾರಿ ಗೊತ್ತಿತ್ತು. ಯಾವ ಕಂಪ್ಯೂಟರ್ ಯಾವ ಜಾಲತಾಣಕ್ಕೆ ಹೋಗಬೇಕಾದರೂ ಮೊದಲು ಮೂಲೆಯಲ್ಲಿದ್ದ ಡಿಎನ್‌ಎಸ್ ಸರ್ವರ್ ಹತ್ತಿರ ವಿಳಾಸ ಕೇಳಬೇಕು. ಸರ್ವರ್ ಹೇಳುತ್ತದೆ, ಮರೆತುಬಿಡುತ್ತದೆ. ಮರೆಯದೆ ಬರೆದಿಡು ಎಂದು ಅದಕ್ಕೆ ಹೇಳುವುದೇ ಕ್ವೆರಿ ಲಾಗಿಂಗ್. ಬೆಳಿಗ್ಗೆ ಅದನ್ನು ಆನ್ ಮಾಡಿದಳು. ಏನೂ ಬರಲಿಲ್ಲ. ಸೆಟ್ಟಿಂಗ್ ಮತ್ತೆ ಮತ್ತೆ ಓದಿದಳು, ಸರಿಯಾಗಿಯೇ ಇತ್ತು. ಕೊನೆಗೆ ನೋಡಿದರೆ ಆ ಫೋಲ್ಡರಿನಲ್ಲಿ ಬರೆಯಲು ಸರ್ವರಿಗೆ ಅನುಮತಿಯೇ ಇರಲಿಲ್ಲ. ಕೊಟ್ಟದ್ದೇ ತಡ, ಸಾಲುಗಳು ಹಾಲು ಉಕ್ಕಿದ ಹಾಗೆ ಮೇಲೇರಿದವು.

ರಮ್ಮಿ ಜಾಲತಾಣದ ಹೆಸರೂ ಬಂತು, ಹೋದಂತೆ ಮಾಡಿ ಮತ್ತೆ ಬಂತು. ಕೇಳುತ್ತಿದ್ದ ಯಂತ್ರದ ನಂಬರು ಹದಿನಾಲ್ಕು. ಕಚೇರಿಯ ಪ್ರತಿ ಕಂಪ್ಯೂಟರಿನ ಮೇಲೂ ಅದರ ನಂಬರಿನ ಚೀಟಿ ಅಂಟಿಸಿತ್ತು. ಕಾರ್ಯದರ್ಶಿಯವರೇ ತಮ್ಮ ಕೋಣೆಯಿಂದ ಎದ್ದು ಬಂದು ನೋಡಿದರು. ಹದಿನಾಲ್ಕು ವಯಸ್ಸಾದ ಗುಮಾಸ್ತ ಪರಮಶಿವಯ್ಯನವರದು.

"ಈ ವಯಸ್ಸಲ್ಲಿ ಇದೇನ್ರೀ ಅಯ್ಯನೋರೇ?"

"ನಾನಾ? ಇಸ್ಪೀಟಲ್ಲಿ ರಾಜ ಯಾವ್ದು, ಗುಲಾಮ ಯಾವ್ದು ಅಂತಾನೂ ಗೊತ್ತಿಲ್ಲ ನಂಗೆ."

"ಸಭೇಲಿ ಹೇಳಿ ಅದನ್ನ," ಎಂದು ಶಂಭುಲಿಂಗಪ್ಪನವರು ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಪರಮಶಿವಯ್ಯ ಕಂಪ್ಯೂಟರ್ ಆರಿಸಿದರು. ಮೇಜಿನ ಮೇಲಿದ್ದ ಪುಟ್ಟ ಶಿವನ ಪಟವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಬೆಳಗಿನ ತಿಂಡಿ ಡಬ್ಬಿಯಲ್ಲಿ ಅರ್ಧ ಶಿವರಂಜಿನಿಗೆ ಎತ್ತಿಡುತ್ತಿದ್ದ ಮನುಷ್ಯ. ತನ್ನ ಕೈಯಿಂದಲೇ ಹೀಗಾಯಿತಲ್ಲ.

ಕಣ್ಣು ತಪ್ಪಿಸಲು ಪರದೆ ನೋಡಿದಳು. ಹದಿನಾಲ್ಕು ಇನ್ನೂ ಕೇಳುತ್ತಲೇ ಇತ್ತು.

ಆರಿದ ಒಲೆಯ ಮೇಲೆ ಸಾರು ಕುದಿಯುವುದುಂಟೇ? ಹಳೆಯ ಸಾಲಿರಬೇಕೆಂದುಕೊಂಡಳು. ಅಲ್ಲ, ಗಡಿಯಾರಕ್ಕೆ ಸರಿಯಾಗಿ ಹೊಸದೇ. ಸರ್ವರಿಗೇ ತಲೆ ಕೆಟ್ಟಿದೆಯೋ, ತನಗೋ? ಹೋಗಿ ಪರಮಶಿವಯ್ಯನವರ ಕಂಪ್ಯೂಟರಿನ ತಂತಿಯನ್ನೇ ಕಿತ್ತಳು. ಸಾಲುಗಳು ನಿಲ್ಲಲಿಲ್ಲ. ಏನು ಮಾಡಲೂ ತೋಚದೆ ಆ ಚೀಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. ಚೀಟಿ ಏಳತೊಡಗಿತು. ಅದರಡಿ ಕುಂಕುಮವಿತ್ತು.

ಕುಂಕುಮದ ಮೇಲೆ ಚೀಟಿ ಬಂದದ್ದು ಹೇಗೆ?

"ಗಿರಿಜಾಂಬಾ ಅಕ್ಕಾ, ಈ ಚೀಟಿ ಯಾರು ಅಂಟ್ಸಿದ್ದು?"

ದಾಖಲಾತಿ ನೋಡುವ ಗಿರಿಜಾಂಬಾ ತಲೆಯೆತ್ತಿದರು. "ನಾನೇ ಕಣಮ್ಮ. ಆಯುಧಪೂಜೆಗೆ ಒದ್ದೆಬಟ್ಟೇಲಿ ಒರ್ಸಿದ್ನಾ, ಎಲ್ಲಾ ಕಿತ್ಕೊಂಡ್ ಬಂತು. ಪೂಜೆ ಆದ್ಮೇಲೆ ಅಂಟಿಸ್ದೆ."

"ಯಾವ್ದು ಯಾವುದರ ಮೇಲಿತ್ತು ಅಂತ ನೆನಪಿತ್ತಾ?"

"ಅದ್ಯಾಕೆ? ಹುದ್ದೆ ಪ್ರಕಾರ ಹಾಕ್ದೆ. ಮೊದ್ಲು ಸೆಕ್ರೆಟರಿಯವರ ಮೇಲೆ ಹದಿನಾಲ್ಕು ಇತ್ತು. ದೊಡ್ಡೋರಿಗೆ ಅದು ಚೆನ್ನಾಗಿರತ್ತಾ? ಅವ್ರಿಗೆ ಒಂದು ಕೊಟ್ಟೆ."

ಚೀಟಿ ಬದಲಾಗಿತ್ತು, ಲಾಗಿಗೆ ಗೊತ್ತಿದ್ದ ನಂಬರು ಬದಲಾಗಿರಲಿಲ್ಲ. ಶಂಭುಲಿಂಗಪ್ಪನವರ ಮುಖ ಕಪ್ಪಿಟ್ಟಿತು. "ನಾನು ಇಲ್ಲೇ ಕೂತಿದೀನಲ್ಲಮ್ಮಾ, ಒಳಗೆ ಯಾರು ಆಡ್ತಾರೆ?"

ಅದೂ ನಿಜವೇ. ಶಿವರಂಜಿನಿ ಅವರ ಕೋಣೆಗೆ ಹೋದಳು. ಪರದೆಯ ಮೇಲೆ ಪಂಚಾಂಗದ ಪುಟ ತೆರೆದಿತ್ತು. ಅಂದಿನ ರಾಹುಕಾಲದ ಪಕ್ಕದಲ್ಲೇ ರಮ್ಮಿಯ ಜಾಹೀರಾತು ಕಣ್ಣು ಮಿಟುಕಿಸುತ್ತಿತ್ತು. ಮಿಟುಕಿಸಿದಂತೆಲ್ಲ ಯಂತ್ರ ತಾನಾಗಿಯೇ ಆ ವಿಳಾಸ ಕೇಳುತ್ತಿತ್ತು. ಪುಟ ಮುಚ್ಚಿದಳು. ಹೊರಗೆ ಬಂದು ನೋಡಿದರೆ ಲಾಗ್‌ನಲ್ಲಿ ರಮ್ಮಿ ನಿಂತಿತ್ತು. ಗುಸುಗುಸು ಹುಟ್ಟಿದ್ದು ಯಾವ ಮೂಲೆಯಿಂದಲೋ, ಈ ಲಾಗಿನಲ್ಲಂತೂ ಆಡಿದವರು ಯಾರೂ ಇರಲಿಲ್ಲ.

"ಯಾವ ಯಂತ್ರ ಏನು ಕೇಳ್ತು ಅಂತ ಮಾತ್ರ ಇದು ಬರೆಯತ್ತೆ ಸಾರ್. ಯಾರು, ಯಾಕೆ ಅಂತ ಇದಕ್ಕೆ ಗೊತ್ತಾಗಲ್ಲ. ನಾನೂ ಮರೆತೆ."

"ಸಭೇಲಿ ಏನಂತ ಹೇಳ್ಲಿ ಈಗ?"

ಶಂಭುಲಿಂಗಪ್ಪನವರು ಪರಮಶಿವಯ್ಯನವರ ಚೀಲದಿಂದ ತಾವೇ ಆ ಪಟ ತೆಗೆದು ಟವೆಲ್ ಬಿಚ್ಚಿದರು. ಮೇಜಿನ ಮೇಲೆ ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತರು.

"ಸ್ವಲ್ಪ ಎಡಕ್ಕೆ ಸಾರ್," ಅಂದರು ಪರಮಶಿವಯ್ಯ.