ಅಝೀಮ ಕೊಟ್ಟ ತಪ್ಪುಗಳು

ಏಕಕಾಲಕ್ಕೆ ಹಲವು ಕೆಲಸ ಮಾಡುವ ಪ್ರೋಗ್ರಾಮುಗಳಲ್ಲಿ ದೋಷ ಎಲ್ಲಿ ಅಡಗಿದೆ ಎಂದು ತೋರಿಸುವ, ಉದಾಹರಣೆ ನೋಡಿ ತಾನೇ ಕಲಿಯುವ ಯಂತ್ರವನ್ನು, ಅಂದರೆ ನ್ಯೂರಲ್ ನೆಟ್‌ವರ್ಕ್ ಒಂದನ್ನು ಸೀಮಾ ಗದಗಿನ ತನ್ನ ಕಚೇರಿಯಲ್ಲಿ ಕಟ್ಟುತ್ತಿದ್ದಳು. ಅದಕ್ಕೆ ಕಲಿಸಲು ತಪ್ಪುಗಳು ಬೇಕಾಗಿದ್ದವು. ತಮ್ಮ ಜಾಣತನ ತೋರಿಸಲು ನಾ ಮುಂದು ತಾ ಮುಂದು ಎನ್ನುವ ಕಚೇರಿಯ ಜನ, ತಪ್ಪು ಕೇಳಿದ ಕೂಡಲೇ ಚಹಾಕ್ಕೆಂದು ಎದ್ದು ಹೋದರು. ಪಕ್ಕದ ಕುರ್ಚಿಯ ಅಝೀಮ ಒಬ್ಬನೇ ತನ್ನ ಹಳೆಯ ಪ್ರೋಗ್ರಾಮುಗಳನ್ನೆಲ್ಲ, ಎಲ್ಲೆಲ್ಲಿ ಎಡವಿದ್ದೆ ಎಂದು ಗುರುತು ಹಾಕಿ ಕೊಟ್ಟ.

"ಒಯ್ರಿ. ನನ್ನ ತಪ್ಪು ಯಾರಿಗಾರ ಉಪಯೋಗಕ್ಕ ಬರ್ಲಿ," ಎಂದು ನಕ್ಕ.

ಹಮ್ಮಿಗಿ ಕಡೆಯ ರೈತರ ಸಂಘವೊಂದಕ್ಕೆ ನೀರಿನ ಪಾಳಿ ಹಂಚುವ ಸಾಫ್ಟ್‌ವೇರನ್ನು ಸೀಮಾ, ಅಝೀಮ ಇಬ್ಬರೇ ಸೇರಿ, ಒಂದೊಂದು ಭಾಗ ಹಂಚಿಕೊಂಡು ಬರೆದಿದ್ದರು. ಒಬ್ಬೊಬ್ಬರೇ ಫೋನಿನಲ್ಲಿ ಗುಂಡಿ ಒತ್ತಿದರೆ ಎಲ್ಲ ಸುಸೂತ್ರ. ಇಬ್ಬರು ಒಂದೇ ಗಳಿಗೆಯಲ್ಲಿ ಒತ್ತಿದರೆ ಒಮ್ಮೊಮ್ಮೆ ಇಬ್ಬರಿಗೂ ಅದೇ ಪಾಳಿ ಸಿಕ್ಕು, ಹೊಲದ ಬದುವಿನ ಮೇಲೆ ಜಗಳ ಏಳುತ್ತಿತ್ತು. ಕಚೇರಿಯಲ್ಲಿ ಪರೀಕ್ಷಿಸಲು ಕುಳಿತರೆ ಆ ದೋಷ ಕಳ್ಳಬೆಕ್ಕಿನಂತೆ ಮಾಯ.

ಸೀಮಾ ಅದನ್ನು ತನ್ನ ಯಂತ್ರದ ಮುಂದಿಟ್ಟಳು. ಯಂತ್ರ ನೇರವಾಗಿ ಅಝೀಮ ಬರೆದ ಭಾಗದ ಮೇಲೆ ಬೆರಳಿಟ್ಟಿತು. ಇನ್ನೊಮ್ಮೆ ಕೇಳಿದರೂ ಅದೇ ಉತ್ತರ.

"ಆ ಭಾಗ ನಾ ಹತ್ತು ಸಲ ನೋಡೀನಿ. ನೀವು ಬರದದ್ದನ್ನೂ ಒಮ್ಮೆ ನೋಡ್ರಿ," ಎಂದ ಅಝೀಮ.

"ಮಷೀನಿಗೆ ನಿಮ್ಮ ಮ್ಯಾಲೆ ಏನ್ ಸಿಟ್ಟೈತಿ?" ಎಂದುಬಿಟ್ಟಳು ಸೀಮಾ.

ಕಚೇರಿಯವರೆಲ್ಲ ಗೊಳ್ಳೆಂದು ನಕ್ಕರು. ತಾನು ಸಾಕಿದ ಯಂತ್ರ ಗೆದ್ದಿತಲ್ಲ ಎಂದು ಅವಳಿಗೂ ಒಳಗೊಳಗೇ ಹಿಗ್ಗು. ಕಚೇರಿಯ ಮಾಲೀಕರು ಕೇಳಿದಾಗಲೂ ಯಂತ್ರದ ಮಾತನ್ನೇ ಒಪ್ಪಿಸಿದಳು. ಅಝೀಮನನ್ನು ಕೆಲಸದಿಂದ ತೆಗೆದರು; ಅವನ ಕುರ್ಚಿ ಖಾಲಿಯಾಯಿತು. ಈಗ ಆ ನಗು ನೆನಪಾದರೆ ಅವಳಿಗೆ ನಾಚಿಕೆಯಿಂದ ಮೈ ಮುದುಡುತ್ತದೆ.

ಅಝೀಮನ ಭಾಗವನ್ನು ಪೂರ್ತಿ ಹೊಸದಾಗಿ ಬರೆಸಿದರು. ಹಮ್ಮಿಗಿಯಲ್ಲಿ ಮತ್ತೆ ಇಬ್ಬರಿಗೆ ಒಂದೇ ಪಾಳಿ ಸಿಕ್ಕಿತು.

ಆಗ ಸೀಮಾಳಿಗೆ ಹೊಳೆಯಿತು. ಯಂತ್ರವು ನೋಡಿ ಕಲಿತ ತಪ್ಪುಗಳೆಲ್ಲ ಅಝೀಮನವೇ. ಅವನು ಬರೆಯುವ ರೀತಿಯನ್ನೇ ಅದು ತಪ್ಪು ಎಂದು ತಿಳಿದಿತ್ತು. ತಾನು ಬರೆದ ಭಾಗವನ್ನು ತೆರೆದಳು. ಪಾಳಿ ಖಾಲಿ ಇದೆಯೇ ಎಂದು ನೋಡುವುದಕ್ಕೂ ಅದನ್ನು ಒಬ್ಬರ ಹೆಸರಿಗೆ ಬರೆಯುವುದಕ್ಕೂ ನಡುವೆ ಇನ್ನೊಬ್ಬರು ನುಸುಳುವಷ್ಟು ಸಂದು ಬಿಟ್ಟವಳು ಅವಳೇ.

ಮಾಲೀಕರೆದುರು ಒಪ್ಪಿಕೊಂಡು, ಅಝೀಮನನ್ನು ಮರಳಿ ತೆಗೆದುಕೊಳ್ಳಲು ಅವರನ್ನು ಒಪ್ಪಿಸಿ, ಸೀಮಾ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಅವನು ಸೋದರಮಾವ ಬುಡ್ಡೇಸಾಬನ ರಿಪೇರಿ ಅಂಗಡಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಸ್ಟೂಲು ಒರೆಸಿ ಕೂಡ್ರಿಸಿ, ಚಹಾ ತರಿಸಿದ. ಯಂತ್ರ ಹೇಗೆ ದಾರಿ ತಪ್ಪಿತು ಎಂಬುದನ್ನು ಅವಳು ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳಿದಳು. ಅವನು ತಂತಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ.

"ಮಷೀನಿನ ಮ್ಯಾಲೆ ನನಗ ಸಿಟ್ಟಿಲ್ರಿ. ಅದಕ್ಕ ನನ್ನ ತಪ್ಪಷ್ಟ ಗೊತ್ತಿದ್ದವು," ಎಂದ ಅಝೀಮ. "ನಿಮಗಾರ ನಾ ಗೊತ್ತಿದ್ದೆನಲ್ಲ."

ಮರಳಿ ಬನ್ನಿ ಎನ್ನಲು ಬಂದಿದ್ದ ಸೀಮಾ, ಅದನ್ನು ಹೇಳದೆಯೇ ಚಹಾದ ಲೋಟ ಕೆಳಗಿಟ್ಟಳು. ಅವನು ಮತ್ತೆ ತಂತಿ ಕೈಗೆತ್ತಿಕೊಂಡ.